ಠಕ್ಕರ ಬಾಯಿಂದ ಕೇಳಿ ಬರೆದ ಟೇಲರ್ ಸಾಹೇಬನು

ಪೋಲೀಸು ಅಧಿಕಾರಿಯೊಬ್ಬನು ವೇಷ ಮರೆಸಿಕೊಂಡು ಕೊಲೆಗಡುಕರ ತಂಡವನ್ನು ಹೊಕ್ಕು, ಅವರೊಡನೆ ಉಂಡು, ಅವರೊಡನೆ ಮಲಗಿ, ಕಡೆಗೆ ಅವರ ಗುಟ್ಟನ್ನೆಲ್ಲ ಬಯಲಿಗೆಳೆಯುವ ಕಥೆಗಳಿಗೆ ಚಲಚ್ಚಿತ್ರ ಮಂದಿರಗಳಲ್ಲಿ ಎಂದೂ ಬರಗಾಲವಿಲ್ಲ. ೧೯೮೮ರಲ್ಲಿ ಹೊರಬಂದ ‘ದಿ ಡಿಸೀವರ್ಸ್’ ಎಂಬ ಆಂಗ್ಲ ಚಿತ್ರವು ಈ ಜಾತಿಯದು. ಇಸ್ಮಾಯಿಲ್ ಮರ್ಚೆಂಟರು ನಿರ್ಮಿಸಿ ನಿಕೋಲಸ್ ಮೇಯರ್ ಎಂಬವರು ನಿರ್ದೇಶಿಸಿದ ಈ ಚಿತ್ರದಲ್ಲಿ ಕಂಪೆನಿ ಸರ್ಕಾರದ ಅಧಿಕಾರಿಯೊಬ್ಬನು ಮೈಗೆ ಬಣ್ಣ ಬಳಿದುಕೊಂಡು, ನೇಕಾರನ ವೇಷ ತೊಟ್ಟು, ಠಕ್ಕರ ಗುಂಪಿನಲ್ಲಿ ಸೇರಿಕೊಳ್ಳುತ್ತಾನೆ. ದಿನ ಕಳೆದಂತೆ ತಾನು ಅವರನ್ನು ಹಿಡಿಯಬಂದವನೋ ಅವರಲ್ಲೊಬ್ಬನೋ ಎಂಬುದು ಅವನಿಗೇ ತಿಳಿಯದಂತಾಗುತ್ತದೆ. ಜಾನ್ ಮಾಸ್ಟರ್ಸ್ ಎಂಬ ಗ್ರಂಥಕರ್ತನು ೧೯೫೨ರಲ್ಲಿ ಬರೆದ ಕಾದಂಬರಿಯೇ ಇದಕ್ಕೆ ಮೂಲ. ಶಶಿ ಕಪೂರ್, ಸಯೀದ್ ಜಾಫ್ರಿ ಮೊದಲಾದ ನಮ್ಮವರೂ ಇದರಲ್ಲಿ ಅಭಿನಯಿಸಿದ್ದಾರೆ.

ಚಿತ್ರವು ರೋಮಾಂಚಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಡೆದ ಸಂಗತಿಯು ಹಾಗಿರಲಿಲ್ಲ. ಠಕ್ಕರನ್ನು ಅಡಗಿಸಿದನೆಂದು ಪ್ರಸಿದ್ಧಿ ಪಡೆದ ಸ್ಲೀಮನ್ ಸಾಹೇಬನು ಮೈಗೆ ಬಣ್ಣ ಬಳಿದುಕೊಂಡವನಲ್ಲ, ರುಮಾಲು ಹಿಡಿದವನೂ ಅಲ್ಲ. ಆ ಕಾಲದಲ್ಲಿ ವೇಷ ಹಾಕುತ್ತಿದ್ದವರು ಠಕ್ಕರೇ. ಸರ್ಕಾರದವರು ಮಾಡಿದ್ದೆಂದರೆ ಮೇಜಿನ ಮುಂದೆ ಕುಳಿತು, ಸಿಕ್ಕಿಬಿದ್ದವನಿಗೆ ಪ್ರಾಣದಾನದ ಆಸೆ ತೋರಿಸಿ, ಅವನ ಬಾಯಿಂದ ಅವನ ಜೊತೆಗಾರರ ಹೆಸರುಗಳನ್ನು ಹೊರಡಿಸಿ ಕಾಗದಕ್ಕೆ ಇಳಿಸಿಕೊಂಡದ್ದು. ಹೀಗೆ ಕುಳಿತು ಕೇಳಿದವರಲ್ಲಿ ಒಬ್ಬನು ನಮ್ಮ ಕನ್ನಡ ನಾಡಿನ ಒಂದು ಸಂಸ್ಥಾನವನ್ನು ಹನ್ನೆರಡು ವರ್ಷ ಆಳಿದವನು. ಆತನೇ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆಯವರಿಗೆ ಈ ಹೆಸರು ಇಂದಿಗೂ ಮನೆಮಾತು. ಹಳೆಯ ಮೈಸೂರಿನ ನಮ್ಮ ವಾಚಕರಲ್ಲಿ ಅನೇಕರಿಗೆ ಅದು ಅಷ್ಟಾಗಿ ಪರಿಚಿತವಲ್ಲವಾದುದರಿಂದ ಆತನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಟೇಲರನು ೧೮೦೮ನೆಯ ಇಸವಿ ಸೆಪ್ಟೆಂಬರ್ ೨೫ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. ತಂದೆಯು ವ್ಯಾಪಾರಸ್ಥ. ವ್ಯಾಪಾರವು ಕೆಟ್ಟ ಮೇಲೆ ಮಗನನ್ನು ಹದಿನೈದನೆಯ ವಯಸ್ಸಿನಲ್ಲಿಯೇ ಮುಂಬಯಿಯ ವರ್ತಕನೊಬ್ಬನ ಅಂಗಡಿಯ ಗುಮಾಸ್ತಗಿರಿಗೆಂದು ಹಡಗು ಹತ್ತಿಸಿದರು. ಇಲ್ಲಿಗೆ ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ಉನ್ನತ ಪದವಿಯಲ್ಲಿದ್ದ ಬಂಧುವೊಬ್ಬನ ದಯೆಯಿಂದ ೧೮೨೪ರ ಕೊನೆಯಲ್ಲಿ ನಿಜಾಮನ ಸೈನ್ಯದಲ್ಲಿ ಒಂದು ಚಿಕ್ಕ ಅಧಿಕಾರ ದೊರೆಯಿತು. ಕಂಪೆನಿಯ ಖಾಸಾ ನೌಕರಿಗೂ ನಿಜಾಮನ ಸೈನ್ಯದ ನೌಕರಿಗೂ ಅಂದು ಅಜಗಜಾಂತರವಿತ್ತು. ಕಂಪೆನಿಯ ನೌಕರನಿಗೆ ಬಡತಿಯೂ ವಿಶ್ರಾಂತಿವೇತನವೂ ತಾವಾಗಿಯೇ ಬರುತ್ತಿದ್ದವು. ನಿಜಾಮನ ನೌಕರನು ಎಷ್ಟು ದುಡಿದರೂ ಹೊರಗಿನವನೇ. ಈ ಭೇದವು ಟೇಲರನನ್ನು ಕೊನೆಯವರೆಗೂ ಬಾಧಿಸಿತು. ಜನರೊಡನೆ ಬೆರೆಯುವ ಅಭ್ಯಾಸವನ್ನು ಅವನಿಗೆ ಕಲಿಸಿದುದೂ ಇದೇ ಎಂದು ನಮಗೆ ತೋರುತ್ತದೆ. ಹಿಂದೂಸ್ಥಾನಿ, ಫಾರಸಿ, ಮರಾಠಿ ಭಾಷೆಗಳನ್ನೂ ಭೂಮಾಪನವನ್ನೂ ಕಾನೂನನ್ನೂ ಯಾವ ಕಾಲೇಜಿನ ನೆರವೂ ಇಲ್ಲದೆ ಆತನು ಸ್ವಂತ ಪ್ರಯತ್ನದಿಂದಲೇ ಸಾಧಿಸಿಕೊಂಡನು.

ಇಪ್ಪತ್ತು ತುಂಬುವ ಮೊದಲೇ ಆತನನ್ನು ನಿಜಾಮನ ರಾಜ್ಯದ ನೈರುತ್ಯ ಭಾಗದಲ್ಲಿ ಪೋಲೀಸು ಅಧಿಕಾರಕ್ಕೆ ನೇಮಿಸಿದರು. ತುಳಜಾಪುರದಲ್ಲಿ ಕಚೇರಿ. ಭವಾನಿಯ ಸನ್ನಿಧಿಗೆ ದೇಶದ ನಾನಾ ಕಡೆಗಳಿಂದ ಯಾತ್ರಿಕರು ಬರುವ ಊರು ಅದು. ಆ ಸೀಮೆಯ ದಾರಿಗಳ ಮಗ್ಗುಲಲ್ಲಿ ಆಗಾಗ ಹೂತ ಹೆಣಗಳು ಸಿಕ್ಕುತ್ತಿದ್ದವು. ಗಾಯದ ಗುರುತಿಲ್ಲ, ರಕ್ತವಿಲ್ಲ. ಸತ್ತವರು ಯಾರೆಂದು ಹೇಳುವವರೂ ಇಲ್ಲ. ಕೆಲವು ಹಳ್ಳಿಗಳಲ್ಲಿ ಒಳ್ಳೆಯ ಬಟ್ಟೆಬರೆ ತೊಟ್ಟು ಮರ್ಯಾದಸ್ಥರಂತಿದ್ದ ಕುಟುಂಬಗಳವರು ದಸರೆ ಕಳೆದೊಡನೆ ವ್ಯಾಪಾರವೆಂದು ಹೊರಟು, ಮಳೆಗಾಲಕ್ಕೆ ಮುಂಚೆ ಸಾಮಾನು ಹೇರಿಕೊಂಡು ಹಿಂದಿರುಗುತ್ತಿದ್ದರು. ತರುಣ ಟೇಲರನು ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದನು. ವಿಚಾರಣೆಯು ಒಂದು ಹದಕ್ಕೆ ಬರುತ್ತಿರುವಾಗಲೇ, ೧೮೨೯ರಲ್ಲಿ ಹೊಸದಾಗಿ ಪಟ್ಟವೇರಿದ ನಿಜಾಮ ನಾಸಿರುದ್ದೌಲನು ತನ್ನ ರಾಜ್ಯದ ಜಿಲ್ಲೆಗಳಿಂದ ಆಂಗ್ಲ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಕೇಳಲಾಗಿ, ಗವರ್ನರ್ ಜನರಲ್ ಬೆಂಟಿಂಕನು ಒಪ್ಪಿದನು. ಟೇಲರನು ಕಡತ ಕಟ್ಟಿಟ್ಟು ಪಲ್ಟನಿಗೆ ಮರಳಬೇಕಾಯಿತು. ಅದೇ ಕಾಲದಲ್ಲಿ ಜಬ್ಬಲಪುರದ ಕಡೆ ಸ್ಲೀಮನನು ಅದೇ ಜಾಡನ್ನು ಹಿಡಿದು ಗುಟ್ಟನ್ನು ಭೇದಿಸಿದನು. ಕೀರ್ತಿಯು ಅವನಿಗೆ ಸಂದಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ದುಃಖವನ್ನು ಟೇಲರನು ಮುದಿತನದಲ್ಲಿಯೂ ಮರೆಯಲಿಲ್ಲ.

ಠಕ್ಕರೆಂದರೆ ಯಾರು? ಇಂಗ್ಲಿಷ್ ಭಾಷೆಯು ನಮ್ಮಿಂದ ಎತ್ತಿಕೊಂಡು ಹೋಗಿ ಈಗ ಬೀದಿಪುಂಡನಿಗೆ ಅಂಟಿಸಿರುವ ಈ ಶಬ್ದವು ಕನ್ನಡದಲ್ಲಿ ವಂಚಕನೆಂಬ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಕನ್ನಡ ಸೀಮೆಯಲ್ಲಿ ಇವರಿಗೆ ಬೇರೊಂದು ಹೆಸರಿತ್ತು. ಮದರಾಸಿನ ಕಂಪೆನಿ ವೈದ್ಯ ಶೆರ್ವುಡ್ ಎಂಬಾತನು ೧೮೧೬ರಲ್ಲಿ ಇವರ ವಿಷಯವಾಗಿ ಬರೆದ ಲೇಖನದಲ್ಲಿ, ಕನ್ನಡದವರು ಇವರನ್ನು ತಂತಿ ಕಳ್ಳರೆನ್ನುತ್ತಾರೆಂದು ದಾಖಲೆ ಮಾಡಿದ್ದಾನೆ. ಕೊರಳಿಗೆ ತಂತಿಯ ಕುಣಿಕೆ ಹಾಕುವವರೆಂದು ಅರ್ಥ. ಹೈದರನೂ ಟಿಪ್ಪುವೂ ಇಂಥವರನ್ನು ಹಿಡಿಸಿ ದಂಡಿಸಿದ್ದರೆಂದು ಆಂಗ್ಲರ ಬರವಣಿಗೆಯಿಂದಲೇ ತಿಳಿಯುತ್ತದೆಯಾಗಿ, ಕಂಪೆನಿ ಬರುವವರೆಗೆ ಈ ದೇಶದ ಅರಸರು ಕಣ್ಣು ಮುಚ್ಚಿ ಕುಳಿತಿದ್ದರೆಂಬ ಮಾತು ನಿಲ್ಲುವುದಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಇಂಥವರು ಸೆರೆ ಸಿಕ್ಕಿದರು. ಆದರೆ ಇವರೆಲ್ಲ ಒಂದೇ ವೃತ್ತಿಯ, ಒಂದೇ ಕಟ್ಟುಪಾಡಿನ ಜನರೆಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಇಂದು ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯ ಮೇಲೆ ನಿಂತರೆ ತಲೆಯ ಮೇಲೆ ೨೦೨೧ರಲ್ಲಿ ಆರಂಭವಾದ ಮೆಟ್ರೋ ರೈಲು, ಕೆಳಗೆ ವಾಹನಗಳ ಪ್ರವಾಹ, ಪಕ್ಕದಲ್ಲಿ ಕಪ್ಪಾಗಿ ಹರಿಯುವ ವೃಷಭಾವತಿ. ಇದೇ ದಿಕ್ಕಿನಲ್ಲಿ ಕೆಂಗೇರಿ, ಚನ್ನಪಟ್ಟಣ, ಮದ್ದೂರುಗಳ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆದುಹೋಗುತ್ತಿದ್ದ ಅಂದಿನ ದಾರಿಗನನ್ನು ನೆನೆಯಬೇಕು. ಸೊಂಟದಲ್ಲಿ ಹಣದ ಚೀಲ. ಮುಂದೆ ತೋಪು, ತೊರೆ, ನಿರ್ಜನವಾದ ಬಯಲು. ಒಂಟಿ ಪಯಣಕ್ಕೆ ಅಂಜಿ ಆತನು ಜೊತೆಯನ್ನು ಹುಡುಕುತ್ತಾನೆ. ಆ ಜೊತೆಯೇ ಮೃತ್ಯು. ಠಕ್ಕರಲ್ಲಿ ಸೋಠಾ ಎಂಬವನ ಕೆಲಸವು ಸವಿಮಾತನಾಡಿ ನಂಬಿಸುವುದು; ದಾರಿಗನು ಸಿಪಾಯಿಯಾದರೆ ತಾನೂ ಸಿಪಾಯಿ, ವರ್ತಕನಾದರೆ ತಾನೂ ವರ್ತಕ. ಹಲವು ದಿನ ಒಟ್ಟಿಗೆ ಅಡಿಗೆ ಮಾಡಿ, ಹಾಡು ಹೇಳಿ, ಕಷ್ಟಸುಖ ಮಾತನಾಡಿದ ಮೇಲೆ, ಮೊದಲೇ ಗೊತ್ತುಮಾಡಿದ ತಾಣದಲ್ಲಿ ನಾಯಕನು ಸಾಮಾನ್ಯವಾದ ಒಂದು ಮಾತಿನಿಂದ ಸಂಜ್ಞೆ ಕೊಡುವನು. ಭುರ್ತೋಟನೆಂಬವನು ರುಮಾಲನ್ನು ಕೊರಳಿಗೆ ಬಿಗಿಯುವನು. ಲುಘಾಯಿಗಳು ಮುಂಚಿತವಾಗಿಯೇ ತೋಡಿಟ್ಟ ಗುಂಡಿಗೆ ಹೆಣವನ್ನು ಇಳಿಸುವರು. ಹಿಂದೂಗಳೂ ಮುಸಲ್ಮಾನರೂ ಒಂದೇ ತಂಡದಲ್ಲಿದ್ದು ದೇವಿಯ ಶಕುನವನ್ನು ನೋಡುತ್ತಿದ್ದರು. ಇದು ಧರ್ಮದ ಹೆಸರಿನ ಬಲಿಯೋ ಹೊಟ್ಟೆಪಾಡಿನ ದರೋಡೆಯೋ ಎಂಬ ಬಗ್ಗೆ ಇತ್ತೀಚಿನ ಚರಿತ್ರಕಾರರಲ್ಲಿ ತೀವ್ರ ವಾದವುಂಟು. ಹಣವಿದ್ದವನನ್ನೇ ಅವರು ಹುಡುಕುತ್ತಿದ್ದುದನ್ನೂ, ಪಟೇಲ ಜಮೀನುದಾರರಿಗೆ ಪಾಲು ಸಲ್ಲುತ್ತಿದ್ದುದನ್ನೂ ನೋಡಿದರೆ ಲೋಭವೇ ಮುಂದು, ದೇವಿಯು ಹಿಂದು ಎಂದು ನಮ್ಮ ಭಾವನೆ.

ಅಧಿಕಾರದಲ್ಲಿರುವ ನಮ್ಮ ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸ್ಲೀಮನನು ನರಸಿಂಗಪುರದಲ್ಲಿ ಮ್ಯಾಜಿಸ್ಟ್ರೇಟನಾಗಿದ್ದಾಗ ತನ್ನ ಜಿಲ್ಲೆಯಲ್ಲಿ ತನಗೆ ತಿಳಿಯದ ಅಪರಾಧವೇ ಇಲ್ಲವೆಂದು ನಂಬಿದ್ದನು. ಅವನ ಕಚೇರಿಯಿಂದ ೪೦೦ ಗಜವೂ ಇಲ್ಲದ ಕಂಡೇಲಿ ಎಂಬ ಹಳ್ಳಿಯಲ್ಲಿಯೇ ಠಕ್ಕರ ತಂಡವೊಂದು ಸಂಸಾರವಂದಿಗರಾಗಿ ವಾಸವಾಗಿತ್ತೆಂಬುದು ವರ್ಷಗಳ ಮೇಲೆ ಬಯಲಾಯಿತು. ಇದನ್ನು ಆತನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಇಂಥ ಗುಟ್ಟು ಬಯಲಾದುದು ಮಾಫಿ ಸಾಕ್ಷಿಗಳಿಂದ. ಸಿಕ್ಕಿದ ಠಕ್ಕನು ತನ್ನವರನ್ನು ತೋರಿಸಿಕೊಟ್ಟರೆ ನೇಣು ತಪ್ಪುತ್ತಿತ್ತು, ಬಿಡುಗಡೆ ಮಾತ್ರ ಇರಲಿಲ್ಲ. ಕಾಲಿಗೆ ಬೇಡಿ ತೊಡಿಸಿ ಕಾವಲಿನಲ್ಲಿ ಅವನನ್ನು ಊರೂರಿಗೆ ಕರೆದೊಯ್ಯುತ್ತಿದ್ದರು. ಅವನು ತೋರಿಸಿದ ಕಡೆ ಅಗೆದರೆ ಮೂಳೆಗಳು ಸಿಕ್ಕುತ್ತಿದ್ದವು, ಬೆರಳು ಮಾಡಿದವನು ಸೆರೆಯಾಗುತ್ತಿದ್ದನು. ೧೮೩೬ರ ೩೦ನೆಯ ಶಾಸನವು ಬಂದ ಮೇಲೆ ಒಂದು ಕೊಲೆಯನ್ನು ರುಜುವಾತು ಪಡಿಸಬೇಕೆಂಬ ಅವಶ್ಯವೂ ತಪ್ಪಿತು. ಠಕ್ಕರ ಗುಂಪಿಗೆ ಎಂದಾದರೂ ಸೇರಿದ್ದನೆಂದು ಸ್ಥಾಪಿಸಿದರೆ ಸಾಕು, ಯಾವಜ್ಜೀವ ಕಠಿಣ ಶಿಕ್ಷೆ. ನಾಲ್ಕು ನೂರಕ್ಕೂ ಹೆಚ್ಚು ಮಂದಿ ನೇಣುಗಂಬವೇರಿದರು. ಕಡಲಾಚೆಗೆ ಹೋದವರು ಸಾವಿರವನ್ನು ಮೀರಿದರು. ಇದರಿಂದ ದಾರಿಗಳು ನಿರ್ಭಯವಾದುದು ನಿಜ. ಪ್ರಾಣ ಉಳಿದ ಪ್ರಯಾಣಿಕರಲ್ಲಿ ನಮ್ಮ ಪೂರ್ವಿಕರೂ ಇದ್ದಾರು. ಆದರೆ ತನ್ನ ಕೊರಳನ್ನು ಉಳಿಸಿಕೊಳ್ಳಲು ಮಾತನಾಡುವವನು ಹಗೆಯನ್ನೂ ತೀರಿಸಿಕೊಳ್ಳಬಹುದಲ್ಲವೇ? ಆ ಹೆಸರುಗಳ ಪಟ್ಟಿಯಲ್ಲಿ ಎಷ್ಟು ಮಂದಿ ನಿರಪರಾಧಿಗಳಿದ್ದರೋ ಎಂಬ ಶಂಕೆಯು ಶಾಸನಜ್ಞರನ್ನು ಬಿಟ್ಟಿಲ್ಲ. ಜೊತೆ ಅಪರಾಧಿಯ ಮಾತಿಗೆ ಬೇರೆ ಆಧಾರವಿಲ್ಲದೆ ಬೆಲೆಯಿಲ್ಲವೆಂಬ ತತ್ತ್ವವು ೧೮೭೨ರ ಸಾಕ್ಷ್ಯ ಶಾಸನದಲ್ಲಿ ಸ್ಥಾನ ಪಡೆಯಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, ೧೮೭೧ರಲ್ಲಿ, ಕುಲಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡುವ ಶಾಸನವೂ ಬಂದಿತ್ತು. ಒಬ್ಬನು ಮಾಡಿದ್ದಕ್ಕಲ್ಲ, ಅವನು ಯಾರೊಡನೆ ಸೇರಿದವನೆಂಬುದಕ್ಕೆ ಶಿಕ್ಷೆ ವಿಧಿಸುವ ಅಭ್ಯಾಸವನ್ನು ಸರ್ಕಾರವು ಠಕ್ಕರ ಮೇಲೆ ಕಲಿತುಕೊಂಡಿತೆಂದು ನಾವು ಹೇಳುತ್ತೇವೆ. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಇಂಥ ಕುಲಗಳವರನ್ನು ತಂತಿಬೇಲಿಯೊಳಗೆ ಕೂಡಿಟ್ಟ ಸೆಟ್ಲಮೆಂಟುಗಳ ನೆನಪು ಇನ್ನೂ ಅಳಿದಿಲ್ಲ. ಆ ಶಾಸನವು ಪೂರ್ಣವಾಗಿ ತೊಲಗಲು ೧೯೫೨ರವರೆಗೆ ಕಾಯಬೇಕಾಯಿತು.

ಟೇಲರನ ಕಡೆಗೆ ಮರಳೋಣ. ಮುಂದಿನ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಇಂಥ ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವು ಆತನ ಪಾಲಿಗೆ ಬಂದಿತು. ಅವರಲ್ಲಿ ಅಮೀರ್ ಅಲಿ ಎಂಬವನು ೭೧೯ ಕೊಲೆಗಳಲ್ಲಿ ತನ್ನ ಕೈಯಿದ್ದಿತೆಂದು ಲೆಕ್ಕ ಹೇಳಿದನಂತೆ. ಹೇಳುವಾಗ ಅಳುಕಿಲ್ಲ, ಪಶ್ಚಾತ್ತಾಪವಿಲ್ಲ. ಬೇಟೆಗಾರನು ಬೇಟೆಯನ್ನು ನೆನೆಯುವ ಉತ್ಸಾಹ. ಇದನ್ನೇ ಆಧಾರ ಮಾಡಿಕೊಂಡು ಟೇಲರನು ಒಬ್ಬ ಠಕ್ಕನ ತಪ್ಪೊಪ್ಪಿಗೆ ಎಂಬ ಅರ್ಥದ ಹೆಸರಿನಿಂದ ಕಾದಂಬರಿಯನ್ನು ಬರೆದು, ರಜೆಯಲ್ಲಿ ಸ್ವದೇಶಕ್ಕೆ ಹೋಗಿದ್ದಾಗ ೧೮೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅದು ಮೂರು ಸಂಪುಟಗಳ ಗ್ರಂಥ. ಆಗತಾನೇ ಪಟ್ಟಕ್ಕೆ ಬಂದಿದ್ದ ವಿಕ್ಟೋರಿಯಾ ರಾಣಿಯು ಅಚ್ಚಿನಲ್ಲಿರುವಾಗಲೇ ಅದರ ಹಾಳೆಗಳನ್ನು ತರಿಸಿಕೊಂಡು ಓದಿದಳೆಂದು ಪ್ರತೀತಿ. ಠಕ್ಕರಿಂದ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗನು ಅದೇ ಠಕ್ಕರ ಮನೆಯಲ್ಲಿ ಮುದ್ದಿನ ಮಗನಾಗಿ ಬೆಳೆದು, ಅರಿಯದೆ ಒಡಹುಟ್ಟಿದ ತಂಗಿಯನ್ನೇ ಕೊಲ್ಲುವ ಕಥೆ ಅದರದು. ಇಂಗ್ಲೆಂಡಿನ ಮಹಾಜನರು ಅದನ್ನು ಓದಿ, ಹಿಂದೂಸ್ಥಾನದ ಪ್ರತಿಯೊಂದು ಮರದ ನೆರಳಿನಲ್ಲಿಯೂ ಒಬ್ಬ ಕೊಲೆಗಾರನು ಕುಳಿತಿರುವನೆಂದೂ, ಕಂಪೆನಿಯವರಿಲ್ಲದಿದ್ದರೆ ಈ ದೇಶಕ್ಕೆ ಗತಿಯಿಲ್ಲವೆಂದೂ ತಿಳಿದರು. ಗ್ರಂಥದಿಂದಾದ ಈ ಅಪಕಾರವನ್ನು ನಾವು ಮರೆಯಲಾರೆವು. ಆದರೂ ಠಕ್ಕನನ್ನು ರಾಕ್ಷಸನೆಂದು ತಳ್ಳಿಬಿಡದೆ, ಮಗನನ್ನು ಪ್ರೀತಿಸಬಲ್ಲ, ಗೆಳೆಯನಿಗಾಗಿ ಕಣ್ಣೀರಿಡಬಲ್ಲ ಮನುಷ್ಯನೆಂದು ಚಿತ್ರಿಸಿದ ನ್ಯಾಯಬುದ್ಧಿಯನ್ನೂ ಅಲ್ಲಗಳೆಯಲಾರೆವು.

ಟೇಲರನ ಪತ್ನಿ ಮೇರಿ ಪಾಮರ್, ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿಯು ಭಾರತೀಯ ಬೇಗಮಳು. ಪತ್ನಿಯು ಅಲ್ಪಾಯುಷಿಯಾದಳು, ಆತನು ಮತ್ತೆ ವಿವಾಹವಾಗಲಿಲ್ಲ.

೧೮೪೧ರಲ್ಲಿ ಆತನನ್ನು ಸುರಪುರಕ್ಕೆ ಕಳುಹಿಸಿದರು. ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ ಈ ಬೇಡ ನಾಯಕರ ಸಂಸ್ಥಾನವು ಔರಂಗಜೇಬನ ಸೈನ್ಯಕ್ಕೇ ಎದುರು ನಿಂತ ವಂಶದವರದು. ಅಂದು ಅದು ಸಾಲದಲ್ಲಿ ಮುಳುಗಿ, ಅರಮನೆಯ ಒಳಜಗಳದಿಂದ ಜರ್ಜರಿತವಾಗಿದ್ದಿತು. ದೊರೆ ಕೃಷ್ಣಪ್ಪ ನಾಯಕನು ಗತಿಸಿದ ಮೇಲೆ ಮಗ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನು ಛಲಗಾತಿ. ಟೇಲರನು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡು ಕಂದಾಯವನ್ನು ಕ್ರಮಪಡಿಸಿದನು, ಸಾಲವನ್ನು ತೀರಿಸಿದನು, ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದನು, ರಸ್ತೆಗಳನ್ನು ಹಾಕಿಸಿದನು. ಬಿಡುವಿನಲ್ಲಿ ರಾಜನ ಕೋಳೂರು ಮೊದಲಾದ ಕಡೆಗಳ ಪ್ರಾಚೀನ ಕಲ್ಲುಗೋರಿಗಳನ್ನು ಅಗೆದು ಪರೀಕ್ಷಿಸಿ ವಿದ್ವತ್ ಪತ್ರಿಕೆಗಳಿಗೆ ಬರೆದನು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರ್ತಮಾನ ಕಳುಹಿಸಿದನು. ಬೆಟ್ಟದ ಮೇಲೆ ಆತನು ಕಟ್ಟಿಸಿದ ಬಂಗಲೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆದರು. ಮೆಡೋಸ್ ಎಂಬ ಹೆಸರು ನಾಲಗೆಗೆ ಒಗ್ಗದೆ ಮಹಾದೇವ ಬಾಬಾ ಎಂದಾಯಿತು. ಬಾಲರಾಜನು ಮಾತ್ರ ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ೧೮೫೩ರಲ್ಲಿ ರಾಜನು ಪ್ರಾಪ್ತ ವಯಸ್ಕನಾದುದರಿಂದ ಅಧಿಕಾರವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೂ ಅಲ್ಲಿಂದ ಮುಂದೆ ವರ್ಹಾಡದ ಬುಲ್ಢಾಣೆಗೂ ಹೋದನು.

ಅಷ್ಟರಲ್ಲಿ ೧೮೫೭ ಬಂದಿತು. ಉತ್ತರದ ಜ್ವಾಲೆಯು ದಕ್ಷಿಣಕ್ಕೂ ಹಬ್ಬಿ, ೧೮೫೮ರ ಫೆಬ್ರವರಿಯಲ್ಲಿ ಇಪ್ಪತ್ತನಾಲ್ಕರ ಪ್ರಾಯದ ವೆಂಕಟಪ್ಪ ನಾಯಕನು ಕಂಪೆನಿಯ ಸೈನ್ಯದ ಮೇಲೆ ಬಿದ್ದನು. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಮಡಿದನು. ಕಂಪೆನಿಗೆ ಹೊಸ ಸೈನ್ಯ ಬಂದು ಸೇರಲು, ರಾಜನು ಊರನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಬಂಡಾಯದ ಹಿಂದೆ ಯಾರು ಯಾರಿದ್ದರೆಂಬುದು ರೆಸಿಡೆಂಟನಿಗೆ ಬೇಕಾಗಿತ್ತು. ರಾಜನು ಬಾಯಿ ಬಿಡಬಲ್ಲನಾದರೆ ಅದು ಸಾಕುತಂದೆಯಂತಿದ್ದ ಟೇಲರನ ಮುಂದೆ ಮಾತ್ರವೆಂದು ಸೆರೆಮನೆಯಲ್ಲಿ ಭೇಟಿ ಮಾಡಿಸಿದರು.

ಹಲವು ವರ್ಷಗಳ ಹಿಂದೆ ಠಕ್ಕರ ಮುಂದೆ ಕುಳಿತಂತೆಯೇ ಟೇಲರನು ಈಗ ತನ್ನ ಮಡಿಲಲ್ಲಿ ಬೆಳೆದ ಹುಡುಗನ ಮುಂದೆ ಕುಳಿತನು. ಹುಡುಗನು ಆತನನ್ನು ತಬ್ಬಿಕೊಂಡು ಅತ್ತನು. ಆದರೆ ಹೆಸರುಗಳನ್ನು ಕೇಳಿದಾಗ ಕೊಡಲಿಲ್ಲ. ತಾನು ಸಾಯುವವನು, ಇನ್ನೊಬ್ಬರನ್ನು ತೋರಿಸಿಕೊಟ್ಟು ಬದುಕುವ ಹೇಡಿಯಲ್ಲವೆಂಬ ಭಾವದಿಂದ ನಿರಾಕರಿಸಿದನು. ಬೇಡಿಕೊಂಡುದು ಒಂದೇ: ತಾನು ಕಳ್ಳನಲ್ಲವಾದುದರಿಂದ ನೇಣು ಹಾಕದೆ ತೋಪಿನ ಬಾಯಿಗೆ ಕಟ್ಟಬೇಕೆಂಬುದು. ಅಮೀರ್ ಅಲಿಯು ಗೆಳೆಯರೆಲ್ಲರ ಹೆಸರು ಹೇಳಿ ಬದುಕಿದ್ದನು. ವೆಂಕಟಪ್ಪ ನಾಯಕನಿಗೂ ಅದೇ ಬಾಗಿಲು ತೆರೆದಿದ್ದಿತು. ಆ ಬಾಗಿಲಿನ ಕಾವಲಿನವನಾಗಿ ಟೇಲರನನ್ನು ನಿಲ್ಲಿಸಿದುದು ಸರ್ಕಾರದ ನಿರ್ದಯತೆ. ಆತನು ಹುಡುಗನನ್ನು ಒತ್ತಾಯಿಸಲಿಲ್ಲ. ಇದು ಆತನ ಗೌರವಕ್ಕೆ ಸಲ್ಲಬೇಕಾದ ಮಾತು. ಆದರೆ ಆ ಕೆಲಸಕ್ಕೆ ಹೋಗೆನೆಂದೂ ಅನ್ನಲಿಲ್ಲ. ಪ್ರೀತಿಸಿದ ಜನರ ಪರವಾಗಿ ತನ್ನ ಸರ್ಕಾರದ ಎದುರು ನಿಲ್ಲುವಷ್ಟು ದೂರ ಆತನ ಪ್ರೀತಿಯು ಎಂದೂ ನಡೆಯಲಿಲ್ಲ.

ರಾಜನಿಗೆ ಮೊದಲು ಮರಣದಂಡನೆ ವಿಧಿಸಿದರು. ರೆಸಿಡೆಂಟನು ಅದನ್ನು ಯಾವಜ್ಜೀವ ದೇಶಾಂತರ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲನು ನಾಲ್ಕು ವರ್ಷಗಳ ಸೆರೆಗೆ ಇಳಿಸಿದನು. ಮದರಾಸಿನ ಸಮೀಪದ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಹಾರಿದ ಗುಂಡಿಗೆ ರಾಜನು ಬಲಿಯಾದನು. ಆತನೇ ಹಾರಿಸಿಕೊಂಡನೆಂದು ಸರ್ಕಾರದ ವರದಿ. ಸುರಪುರದ ಜನರು ಇದನ್ನು ಒಪ್ಪಲಿಲ್ಲ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಕಂಟಕವೆಂದು ಜಾತಕದಲ್ಲಿ ಇದ್ದಿತೆಂದು ಟೇಲರನು ಬರೆದಿಟ್ಟಿದ್ದಾನೆ. ಇದನ್ನು ನಂಬುವುದು ಬಿಡುವುದು ವಾಚಕರಿಗೆ ಸೇರಿದ್ದು.

ಯಜಮಾನನಿಲ್ಲದ ಆ ಸಂಸ್ಥಾನಕ್ಕೆ ಟೇಲರನನ್ನೇ ಮತ್ತೆ ಅಧಿಕಾರಿಯಾಗಿ ಕಳುಹಿಸಿದರು. ಬೆಟ್ಟದ ಮೇಲಿನ ಅದೇ ಬಂಗಲೆಯಲ್ಲಿ ಆತನು ಎರಡು ವರ್ಷ ಇದ್ದನು. ದೇಹಾಲಸ್ಯದಿಂದ ೧೮೬೦ರಲ್ಲಿ ಊರಿಗೆ ಹೊರಟನು. ಅದೇ ವರ್ಷ ಕಂಪೆನಿಯ ಉತ್ತರಾಧಿಕಾರಿಯಾದ ಬ್ರಿಟಿಷ್ ಸರ್ಕಾರವು, ಬಂಡಾಯದ ಕಾಲದ ನಿಷ್ಠೆಗೆ ಬಹುಮಾನವೆಂದು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟಿತು. ಕನ್ನಡಿಗರ ಒಂದು ಸಂಸ್ಥಾನವನ್ನು ಹೀಗೆ ತಟ್ಟೆಯಲ್ಲಿಟ್ಟು ಒಪ್ಪಿಸಿದಾಗ ಅಲ್ಲಿನ ಪ್ರಜೆಗಳನ್ನು ಯಾರೂ ಕೇಳಲಿಲ್ಲ.

ನಿವೃತ್ತನಾದ ಮೇಲೆ ಟೇಲರನು ಐರ್ಲೆಂಡಿನಲ್ಲಿ ಕುಳಿತು ತುಳಜಾಪುರದ ನೆನಪಿನಿಂದ ತಾರಾ ಎಂಬ ಕಾದಂಬರಿಯನ್ನು ೧೮೬೩ರಲ್ಲಿಯೂ, ೧೮೫೭ರ ಕಥೆಯಾದ ಸೀತಾ ಎಂಬುದನ್ನು ೧೮೭೨ರಲ್ಲಿಯೂ ಹೊರತಂದನು. ವಿಜಾಪುರದ ಮತ್ತು ಧಾರವಾಡ–ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ೧೮೬೬ರ ದೊಡ್ಡ ಚಿತ್ರಸಂಪುಟಗಳಿಗೆ ಚರಿತ್ರೆಯ ಭಾಗವನ್ನು ಬರೆದುಕೊಟ್ಟನು. ೧೮೭೫ರಲ್ಲಿ, ಕಣ್ಣು ಮಂದವಾಗಿದ್ದರೂ, ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹಿಂದಿರುಗುವಾಗ ಫ್ರಾನ್ಸಿನ ಮೆಂಟೋನ್ ಎಂಬಲ್ಲಿ ೧೮೭೬ನೆಯ ಇಸವಿ ಮೇ ೧೩ರಂದು ತೀರಿಕೊಂಡನು. ಮರುವರ್ಷ ಆತನ ಮಗಳು ತಂದೆಯ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಸೆರೆಮನೆಯಲ್ಲಿ ನಡೆದ ಆ ಭೇಟಿಯು ನಮಗೆ ತಿಳಿದಿರುವುದು ಆ ಗ್ರಂಥದಿಂದಲೇ.